ವೃಷಭಾವತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ನಿಜವಾಗಿಯೂ ನದಿಯೇ? ನಾವೆಲ್ಲ ಕೆಂಗೇರಿ ಮೋರಿ ಅಂತಲೇ ಕರೆಯೋದು.

ನದಿಯೇ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟುತ್ತದೆ ಎಂಬುದು ಹಳೆಯ ನಂಬಿಕೆ, ಹೆಸರೂ ಅಲ್ಲಿಂದಲೇ ಬಂತು. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಸ್ಥಾನದ ಕಡೆಯಿಂದ ಇನ್ನೊಂದು ಕವಲು ಬರುತ್ತದೆ. ಮೈಸೂರು ರಸ್ತೆಯ ಗಾಳಿ ಆಂಜನೇಯ ದೇವಸ್ಥಾನ, ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ, ಕೆಂಗೇರಿ, ಕುಂಬಳಗೋಡು ದಾಟಿ ಬಿಡದಿ ಬಳಿಯ ಬೈರಮಂಗಲ ಜಲಾಶಯ ಸೇರುತ್ತದೆ. ಅಲ್ಲಿಂದ ಮುಂದೆ ಸುವರ್ಣಮುಖಿಯ ಜೊತೆಗೂಡಿ ಅರ್ಕಾವತಿಗೆ, ಅರ್ಕಾವತಿಯಿಂದ ಸಂಗಮದಲ್ಲಿ ಕಾವೇರಿಗೆ.

ಬೆಂಗಳೂರು ಒಂದು ದಿಬ್ಬದ ಬೆನ್ನಿನ ಮೇಲೆ ಕೂತ ಊರು. ಪೂರ್ವಕ್ಕೆ ಇಳಿದ ನೀರು ಬೆಳ್ಳಂದೂರು, ವರ್ತೂರು ಹಾದು ದಕ್ಷಿಣ ಪಿನಾಕಿನಿಗೆ, ಪಶ್ಚಿಮಕ್ಕೆ ಇಳಿದದ್ದು ಕಾವೇರಿಗೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪ್ ಮಾಡಿ ತಂದು ಕುಡಿದ ಕಾವೇರಿಯ ಒಂದು ಪಾಲನ್ನು ನಾವು ಅದೇ ಕಾವೇರಿಗೆ, ಕೆಳಗಿನ ದಂಡೆಯಲ್ಲಿ, ಈ ರೂಪದಲ್ಲಿ ವಾಪಸ್ ಕೊಡುತ್ತಿದ್ದೇವೆ. ಕೆಳಗೆ ಇರುವವರೂ ಅದೇ ನೀರನ್ನು ನಂಬಿದವರು.

ಬೇಸಿಗೆಯಲ್ಲೂ ಇಷ್ಟು ನೀರು ಹರಿಯುತ್ತಲ್ಲ, ಎಲ್ಲಿಂದ ಬರುತ್ತೆ?

ನಮ್ಮ ಮನೆಗಳಿಂದ. ಮನೆಗೆ ಬಂದ ನೀರಿನಲ್ಲಿ ಸುಮಾರು ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಎಂಜಿನಿಯರುಗಳು ಹಿಡಿಯುವ ಲೆಕ್ಕ. ಕಾವೇರಿ 1ರಿಂದ 4ನೇ ಹಂತದವರೆಗೆ ನಗರಕ್ಕೆ ಬರುತ್ತಿದ್ದದ್ದು ದಿನಕ್ಕೆ ಸುಮಾರು 1,450 ಎಂಎಲ್‌ಡಿ (ಒಂದು ಎಂಎಲ್‌ಡಿ ಎಂದರೆ ದಿನಕ್ಕೆ ಹತ್ತು ಲಕ್ಷ ಲೀಟರ್), ಅಂದರೆ 145 ಕೋಟಿ ಲೀಟರ್. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ 5ನೇ ಹಂತ ಇನ್ನೂ 775 ಎಂಎಲ್‌ಡಿ ತರುವ ಯೋಜನೆ. ಬೋರ್‌ವೆಲ್, ಟ್ಯಾಂಕರ್ ನೀರು ಇದರಲ್ಲಿ ಸೇರಿಲ್ಲ. 5ನೇ ಹಂತ ಪೂರ್ತಿ ಹರಿದರೆ ಅದೊಂದರಿಂದಲೇ ದಿನಕ್ಕೆ 620 ಎಂಎಲ್‌ಡಿ ಹೊಸ ಕೊಳಚೆ ಹುಟ್ಟುತ್ತದೆ. ನಲ್ಲಿ ನೀರಿನ ಉದ್ಘಾಟನೆಗೆ ಶಾಮಿಯಾನ ಹಾಕುತ್ತಾರೆ. ಆ ನೀರು ಬಚ್ಚಲು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಆ ವೇದಿಕೆಯಲ್ಲಿ ಕೇಳುವವರು ಬೇಕು.

ಒಳಚರಂಡಿ ಇದೆಯಲ್ಲ? ಮತ್ತೆ ಕೊಳಚೆ ರಾಜಕಾಲುವೆಗೆ ಹೇಗೆ ಇಳಿಯುತ್ತೆ?

ಬೆಂಗಳೂರಿನಲ್ಲಿ ಮಳೆ ನೀರಿಗೆ ರಾಜಕಾಲುವೆ, ಕೊಳಚೆಗೆ ಯುಜಿಡಿ (ಒಳಚರಂಡಿ) ಪೈಪು, ಎರಡೂ ಬೇರೆ ಬೇರೆ. ಕಾಗದದ ಮೇಲಿನ ಈ ವ್ಯವಸ್ಥೆ ನೆಲದಲ್ಲಿ ನಾಲ್ಕೈದು ಕಡೆ ಸೋರುತ್ತದೆ.

ಮೊದಲನೆಯದು, ಇಳಿಜಾರು ಸಿಗುತ್ತದೆಂದು ದೊಡ್ಡ ಕೊಳಚೆ ಪೈಪುಗಳನ್ನು ರಾಜಕಾಲುವೆಯ ಒಳಗೋ ಅಂಚಿನಲ್ಲೋ ಹಾಕಿರುವುದು. ಮಳೆಗಾಲದಲ್ಲಿ ಪ್ರವಾಹದ ರಭಸಕ್ಕೆ ಮ್ಯಾನ್‌ಹೋಲ್ ಮುಚ್ಚಳ ಕಿತ್ತುಹೋಗುತ್ತದೆ, ಮರಳು ಒಳಗೆ ತುಂಬುತ್ತದೆ, ಪೈಪು ಕಟ್ಟಿಕೊಳ್ಳುತ್ತದೆ. ಆಮೇಲೆ ಮೇಲಿನಿಂದ ಬಂದದ್ದೆಲ್ಲ ಅದೇ ಮ್ಯಾನ್‌ಹೋಲ್‌ನಿಂದ ಉಕ್ಕಿ ಕಾಲುವೆಗೆ. ಎರಡನೆಯದು, ಮನೆಯ ಚೇಂಬರ್‌ನಿಂದ ಯುಜಿಡಿಗೆ ಸಂಪರ್ಕ ಕೊಡುವ ಬದಲು ಹತ್ತಿರದ ಮೋರಿಗೆ ಪೈಪು ಬಿಟ್ಟಿರುವುದು. ರಸ್ತೆ ಅಗೆಯುವ ಖರ್ಚು, ಅನುಮತಿಯ ಓಡಾಟ ಉಳಿಯುತ್ತದೆಂದು ಮನೆ ಕಟ್ಟಿಸುವಾಗಲೇ ಇದು ನಡೆಯುತ್ತದೆ. ಮೂರನೆಯದು ಇದರ ತಿರುಗುಮುರುಗು: ಟೆರೇಸಿನ ಮಳೆ ನೀರನ್ನು ಯುಜಿಡಿ ಚೇಂಬರ್‌ಗೆ ಬಿಡುವುದು. ಕೊಳಚೆಗೆಂದು ಮಾಡಿದ ಪೈಪಿಗೆ ಒಂದು ಜೋರು ಮಳೆ ಬಿದ್ದರೆ ಸಾಕು, ಕೆಳಗಿನ ಬೀದಿಯ ನೆಲಮಹಡಿ ಮನೆಯ ಬಚ್ಚಲಲ್ಲಿ ಕೊಳಚೆ ಮೇಲೆ ಬರುತ್ತದೆ. ಅದನ್ನು ತಪ್ಪಿಸಲು ಯಾರೋ ಮ್ಯಾನ್‌ಹೋಲ್ ಗೋಡೆ ಒಡೆದು ಕಾಲುವೆಗೆ ದಾರಿ ಮಾಡುತ್ತಾರೆ. ಮಳೆ ನಿಂತ ಮೇಲೂ ಆ ತೂತು ಹಾಗೇ ಉಳಿಯುತ್ತದೆ.

ಇನ್ನು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳು. ಅಲ್ಲಿ ಮನೆಗಳು ಮೊದಲು ಎದ್ದವು, ಒಳಚರಂಡಿ ಬಹಳ ತಡವಾಗಿ ಬಂತು. ಪೈಪು ಬಂದ ಮೇಲೂ ಮನೆಮನೆಯ ಸಂಪರ್ಕ ತಾನಾಗಿ ಆಗುವುದಿಲ್ಲ. ಕಾಮಗಾರಿ ಮುಗಿದಿದೆ ಎಂಬ ಫಲಕ ನೋಡಿ ಮೋಸಹೋಗಬೇಡಿ. ಸಂಪರ್ಕ ಎಷ್ಟು ಮನೆಗೆ ಆಗಿದೆ ಎಂದು ಕೇಳಿ.

ನಮ್ಮ ಬೀದಿಯ ಕಾಲುವೆಗೆ ಕೊಳಚೆ ಎಲ್ಲಿ ಸೇರುತ್ತಿದೆ ಎಂದು ಪತ್ತೆ ಮಾಡುವುದು ಹೇಗೆ?

ಕನಿಷ್ಠ ಮೂರು ದಿನ ಮಳೆ ಇಲ್ಲದ ಹೊತ್ತು ನೋಡಿ. ಒಣ ದಿನದಲ್ಲಿ ಮಳೆ ಕಾಲುವೆ ಒಣಗಿರಬೇಕು. ಹರಿಯುತ್ತಿದ್ದರೆ ಅದು ಬಹುಪಾಲು ಕೊಳಚೆಯೇ. ಬೆಳಿಗ್ಗೆ 7ರಿಂದ 9ರ ನಡುವೆ ಮತ್ತು ಮಧ್ಯಾಹ್ನ 3ರ ಸುಮಾರಿಗೆ ಎರಡು ಸಲ ನೋಡಿ. ಬೆಳಿಗ್ಗೆ ಉಕ್ಕಿ ಮಧ್ಯಾಹ್ನ ಇಳಿದರೆ ಮನೆಗಳ ನೀರು. ರಾತ್ರಿ ಹೊತ್ತು ಮಾತ್ರ ದಿಢೀರನೆ ಬಣ್ಣ ಅಥವಾ ವಾಸನೆ ಬದಲಾದರೆ ಟ್ಯಾಂಕರ್ ಇಲ್ಲವೇ ಕಾರ್ಖಾನೆಯ ಅನುಮಾನ.

ಕೆಳಗಿನಿಂದ ಮೇಲಕ್ಕೆ ನಡೆಯಿರಿ. ಕವಲು ಸಿಕ್ಕ ಕಡೆಯಲ್ಲೆಲ್ಲ ಯಾವುದು ಒದ್ದೆ, ಯಾವುದು ಒಣ ಎಂದು ನೋಡಿ, ಒದ್ದೆಯದನ್ನು ಹಿಡಿದು ಮುಂದೆ ಹೋಗಿ. ಗೋಡೆಯಲ್ಲಿ ಪೈಪಿನ ಬಾಯಿ ಕಂಡರೆ ಫೋಟೊ, ದಿನಾಂಕ, ಜಿಪಿಎಸ್ ಗುರುತು, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಬರೆದುಕೊಳ್ಳಿ. ಎಂಜಿನಿಯರ್‌ಗೆ ಹುಡುಕಲು ಸುಲಭವಾಗುವುದು ಕಂಬದ ಸಂಖ್ಯೆ. ಯಾವ ಕಟ್ಟಡದ ಪೈಪು ಎಂದು ಖಚಿತವಾಗದಿದ್ದರೆ, ಮನೆಯವರ ಒಪ್ಪಿಗೆ ಪಡೆದು ಒಂದು ಬಕೆಟ್ ನೀರಿಗೆ ಅಡುಗೆಯ ಬಣ್ಣ ಗಾಢವಾಗಿ ಕಲಸಿ ಶೌಚಾಲಯಕ್ಕೆ ಸುರಿಯಿರಿ. ಹತ್ತು ಹದಿನೈದು ನಿಮಿಷದಲ್ಲಿ ಬಣ್ಣ ಕಾಲುವೆಯಲ್ಲಿ ಬಂತೋ ಯುಜಿಡಿಯಲ್ಲಿ ಹೋಯಿತೋ ಗೊತ್ತಾಗುತ್ತದೆ.

ಹರಿವಿನ ಅಳತೆಯೂ ಕೈಗೆಟುಕುವಂಥದೇ. ನೇರವಾಗಿ ಹರಿಯುವ 10 ಮೀಟರ್ ಗುರುತು ಮಾಡಿ, ಮೇಲಿನ ತುದಿಯಲ್ಲಿ ನಿಂಬೆಹಣ್ಣು ಹಾಕಿ, ಕೆಳಗೆ ಬರಲು ಎಷ್ಟು ಸೆಕೆಂಡ್ ಹಿಡಿಯಿತು ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 25 ಸೆಕೆಂಡ್ ಆದರೆ ವೇಗ ಸೆಕೆಂಡಿಗೆ 0.4 ಮೀಟರ್. ಮೇಲ್ಮೈ ವೇಗ ತಳಕ್ಕಿಂತ ಹೆಚ್ಚಿರುವುದರಿಂದ 0.85ರಿಂದ ಗುಣಿಸಿ: 0.34. ನೀರಿನ ಅಗಲ 60 ಸೆಂಟಿಮೀಟರ್, ಆಳ 10 ಸೆಂಟಿಮೀಟರ್ ಇದ್ದರೆ ಅಡ್ಡಕೊಯ್ತ 0.06 ಚದರ ಮೀಟರ್. ಗುಣಿಸಿದರೆ ಸೆಕೆಂಡಿಗೆ ಸುಮಾರು 20 ಲೀಟರ್, ಇಡೀ ದಿನ ಹೀಗೇ ಹರಿದರೆ 17 ಲಕ್ಷ ಲೀಟರ್ ದಾಟುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಬಳಕೆ, ಅದರಲ್ಲಿ 108 ಲೀಟರ್ ಕೊಳಚೆ ಎಂದು ಹಿಡಿದರೆ ಸುಮಾರು 16,000 ಜನರ ಮನೆ ನೀರು ಇದು. ಬೆಳಗಿನ ಅಳತೆಯೊಂದನ್ನೇ ಹಿಡಿದರೆ ಲೆಕ್ಕ ಉಬ್ಬುತ್ತದೆ, ಹಾಗಾಗಿ ದಿನದಲ್ಲಿ ನಾಲ್ಕು ಹೊತ್ತು ಅಳೆಯಿರಿ. "ಸಣ್ಣ ಸೋರಿಕೆ ಸಾರ್" ಎಂಬ ಉತ್ತರಕ್ಕೆ ಇಂಥ ಲೆಕ್ಕದಷ್ಟು ಗಟ್ಟಿ ಮಾರುತ್ತರ ಬೇರೆ ಇಲ್ಲ.

ಕಾಲುವೆಗೆ ಇಳಿಯಬೇಡಿ. ಮ್ಯಾನ್‌ಹೋಲ್ ಮುಚ್ಚಳ ತೆಗೆಯಲೇಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಎರಡು ಉಸಿರಿಗೆ ಜೀವ ಹೋಗುತ್ತದೆ.

ದೂರು ಯಾರಿಗೆ ಕೊಡಬೇಕು? ಒಬ್ಬರು ಇನ್ನೊಬ್ಬರ ಮೇಲೆ ಹಾಕುತ್ತಾರೆ.

ಕಾಲುವೆಯ ಗೋಡೆ, ಹೂಳು, ಕಸ, ಒತ್ತುವರಿ ಪಾಲಿಕೆಯ ರಾಜಕಾಲುವೆ ವಿಭಾಗದ್ದು (ಸಹಾಯವಾಣಿ 1533). ಕೊಳಚೆ ಪೈಪು, ಮ್ಯಾನ್‌ಹೋಲ್, ಪಂಪಿಂಗ್ ಸ್ಟೇಷನ್, ಶುದ್ಧೀಕರಣ ಘಟಕ ಜಲಮಂಡಳಿಯದು (1916). ಕಾರ್ಖಾನೆ, ದೊಡ್ಡ ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಅವರದೇ ಕೊಳಚೆ ಶುದ್ಧೀಕರಣ ಘಟಕ), ನೀರಿನ ಗುಣಮಟ್ಟ ಮಾಲಿನ್ಯ ನಿಯಂತ್ರಣ ಮಂಡಳಿಯದು. ಒತ್ತುವರಿಯ ಸರ್ವೆ ಕಂದಾಯ ಇಲಾಖೆಯದು. ಕುಂಬಳಗೋಡಿನಿಂದ ಮುಂದೆ ಬೆಂಗಳೂರು ದಕ್ಷಿಣ ಜಿಲ್ಲೆ, ಅಂದರೆ ಹಿಂದಿನ ರಾಮನಗರ. ಅಲ್ಲಿ ನೀರಾವರಿ ಇಲಾಖೆ, ಗ್ರಾಮ ಪಂಚಾಯಿತಿಗಳು ಬರುತ್ತವೆ.

ಕೊಳಚೆ ಕಾಲುವೆಗೆ ಬೀಳುವ ಜಾಗದಲ್ಲೇ ಜಗಳ. ಪೈಪು ಜಲಮಂಡಳಿಯದು, ಬೀಳುತ್ತಿರುವುದು ಪಾಲಿಕೆಯ ಕಾಲುವೆಗೆ. ಇಬ್ಬರಿಗೂ ಬೇರೆ ಬೇರೆ ಪತ್ರ ಬರೆಯಬೇಡಿ, ಹಾಗೆ ಮಾಡಿದರೆ ಪತ್ರಗಳು ಪರಸ್ಪರ ವರ್ಗವಾಗುತ್ತಾ ಕೂರುತ್ತವೆ. ಒಂದೇ ಪತ್ರ ಎರಡೂ ಕಡೆಯ ಎಇಇಗಳಿಗೆ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ಸಂಬೋಧಿಸಿ, ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹಾಕಿ, ಜಂಟಿ ಸ್ಥಳ ಪರಿಶೀಲನೆಗೆ ದಿನ ಗೊತ್ತುಮಾಡಿ ಎಂದು ಕೇಳಿ. ಪರಿಶೀಲನೆಯ ದಿನ ಸ್ಥಳದಲ್ಲೇ ಮಹಜರು ಬರೆಸಿ ಇಬ್ಬರ ಸಹಿ ಪಡೆಯಿರಿ. ಆ ಒಂದು ಹಾಳೆ ಇದ್ದರೆ ಮುಂದಿನ ಎಂಜಿನಿಯರ್ ವರ್ಗವಾಗಿ ಬಂದರೂ ಕೆಲಸ ಮತ್ತೆ ಮೊದಲಿಂದ ಶುರುವಾಗುವುದಿಲ್ಲ.

ಕಾರ್ಪೊರೇಟರ್ ಹತ್ತಿರ ಹೋಗೋಣ ಅಂದರೆ ಯಾರು?

ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಆ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳ ಕೈಯಲ್ಲೇ ನಡೆಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಬಿಬಿಎಂಪಿ ಐದು ಪಾಲಿಕೆಗಳಾಯಿತು. ನದಿಗೆ ಪಾಲಿಕೆಯ ಗಡಿ ಗೊತ್ತಿಲ್ಲ. ಮೇಲಿನವರು ಬಿಟ್ಟದ್ದು ಕೆಳಗಿನವರ ಪಾಲು.

ವಾರ್ಡಿಗೆ ಒಬ್ಬ ಸದಸ್ಯ ಇಲ್ಲದಿರುವುದರ ನಷ್ಟ ಕಾಲುವೆಯಲ್ಲಿ ಎದ್ದು ಕಾಣುತ್ತದೆ. ಇಂಥ ಮನೆಯ ಪೈಪು ಮೋರಿಗೆ ಬಿದ್ದಿದೆ ಎನ್ನುವ ಕೆಲಸ ಶಾಸಕರ ಮಟ್ಟಕ್ಕೆ ಬಹಳ ಸಣ್ಣದು. ಶಾಸಕರಿಗೆ ಸಿಗುವ ಅನುದಾನ ಗೋಡೆ, ರಸ್ತೆ, ಸೇತುವೆಗೆ ಹೋಗುತ್ತದೆ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ನೆಲದಡಿಯ ಆರು ಇಂಚಿನ ಪೈಪಿಗೆ ಯಾರೂ ಗುದ್ದಲಿ ಪೂಜೆ ಮಾಡುವುದಿಲ್ಲ. ವೃಷಭಾವತಿ ಇವತ್ತು ಈ ಸ್ಥಿತಿಯಲ್ಲಿರಲು ನಮ್ಮ ಪ್ರಕಾರ ಮುಖ್ಯ ಕಾರಣ ಇದೇ. ವೋಟು ಕೇಳಲು ಬಂದವರಿಗೆ ನದಿ ಸ್ವಚ್ಛ ಮಾಡುತ್ತೀರಾ ಎಂದು ಕೇಳಬೇಡಿ, ಹೂಂ ಅಂದುಬಿಡುತ್ತಾರೆ. ಈ ವಾರ್ಡಿನಲ್ಲಿ ಕಾಲುವೆಗೆ ಬೀಳುವ ಪೈಪು ಎಷ್ಟು, ವರ್ಷಕ್ಕೆ ಎಷ್ಟು ಮುಚ್ಚಿಸುತ್ತೀರಿ ಎಂದು ಕೇಳಿ.

ಹೂಳೆತ್ತುವುದು, ತಡೆಗೋಡೆ ಕಟ್ಟುವುದು ಪ್ರತಿ ವರ್ಷ ನಡೆಯುತ್ತಲ್ಲ?

ಪ್ರವಾಹಕ್ಕೆ ಎರಡೂ ಬೇಕು. ಕೊಳಚೆಗೆ ಎರಡೂ ಮದ್ದಲ್ಲ. ಕಾಂಕ್ರೀಟ್ ತಳ ಹಾಕಿದರೆ ನೀರು ಬೇಗ ಹರಿದುಹೋಗುತ್ತದೆ, ಕೆಳಗಿನ ತಗ್ಗಿನಲ್ಲಿ ಇನ್ನೂ ಬೇಗ ತುಂಬುತ್ತದೆ.

ಹೂಳೆತ್ತುವ ಕೆಲಸದಲ್ಲಿ ನೋಡಬೇಕಾದದ್ದು ಮೂರು. ಎತ್ತಿದ ಹೂಳನ್ನು ದಂಡೆಯಲ್ಲೇ ಸುರಿದರೆ ಮೊದಲ ಮಳೆಗೆ ವಾಪಸ್ ಒಳಗೆ ಬೀಳುತ್ತದೆ. ನೀರು ಬಸಿಯಲು ಒಂದೆರಡು ದಿನ ಬಿಡಬಹುದು, ಆಮೇಲೆ ಸಾಗಿಸಲೇಬೇಕು. ಎರಡು, ಹೂಳಿನ ಲೆಕ್ಕ ಘನ ಮೀಟರ್‌ನಲ್ಲಿ ಆಗುವುದರಿಂದ ಕೆಲಸಕ್ಕೆ ಮುಂಚಿನ ಮತ್ತು ನಂತರದ ಮಟ್ಟದ ಅಳತೆ ಇರಬೇಕು. ಮಾಹಿತಿ ಹಕ್ಕಿನಲ್ಲಿ ಅಳತೆ ಪುಸ್ತಕದ ಪ್ರತಿ, ಅಡ್ಡಕೊಯ್ತದ ನಕ್ಷೆ, ಲಾರಿಗಳ ತೂಕದ ಚೀಟಿ, ಹೂಳು ಸುರಿದ ಜಾಗದ ವಿವರ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದದೊಳಗೆ ಇರಬೇಕು, ಇಲ್ಲದಿದ್ದರೆ ಅದೇ ನೆಪವಾಗುತ್ತದೆ. ಮೂರು, ಹೂಳೆತ್ತುವ ಯಂತ್ರದ ಬಕೆಟ್ ತಗುಲಿ ಒಡೆದ ಯುಜಿಡಿ ಪೈಪು. ಕೆಲಸ ಮುಗಿದ ವಾರದಲ್ಲಿ ಹೋಗಿ ನೋಡಿ, ಹೊಸ ಬುಗ್ಗೆ ಕಂಡರೆ ಗುತ್ತಿಗೆದಾರರಿಗೆ ಬಿಲ್ ಪಾವತಿಯಾಗುವ ಮುಂಚೆಯೇ ದೂರು ಕೊಡಿ.

ಶುದ್ಧೀಕರಣ ಘಟಕಗಳಿವೆ. ಆದರೂ ನೀರು ಕಪ್ಪಾಗಿಯೇ ಇದೆ, ಯಾಕೆ?

ಘಟಕದ ತನಕ ಬಾರದ ಕೊಳಚೆಯನ್ನು ಘಟಕ ಶುದ್ಧ ಮಾಡಲಾರದು. ನಾಯಂಡಹಳ್ಳಿಯ ವೃಷಭಾವತಿ ಕಣಿವೆ ಘಟಕದಲ್ಲಿ ಶುದ್ಧವಾದ ನೀರನ್ನೂ ಅದೇ ನದಿಗೆ ಬಿಡುತ್ತಾರೆ. ಪಕ್ಕದಲ್ಲೇ ಹಸಿ ಕೊಳಚೆ ಹರಿಯುತ್ತಿರುತ್ತದೆ. ಹಾಲಿಗೆ ಹುಳಿ ಬಿದ್ದ ಹಾಗೆ, ಸಾಮರ್ಥ್ಯ ಎಷ್ಟು ಹೆಚ್ಚಿಸಿದರೂ ಪ್ರಯೋಜನ ಕಾಣುವುದಿಲ್ಲ.

ಘಟಕದ ಒಳಗೂ ತೊಂದರೆಗಳಿವೆ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ಬದುಕಲು ಗಾಳಿ ತೊಟ್ಟಿಯಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಉಳಿಯಬೇಕು. ವಿದ್ಯುತ್ ಬಿಲ್ ಉಳಿಸಲು ಗಾಳಿ ಊದುವ ಬ್ಲೋವರ್ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ, ಮತ್ತೆ ಬೆಳೆಸಲು ವಾರಗಳು ಬೇಕು. ಅಪಾರ್ಟ್‌ಮೆಂಟ್ ಎಸ್‌ಟಿಪಿಗಳು ಕೆಡುವುದು ಬಹುಪಾಲು ಹೀಗೆಯೇ. ನಿಮ್ಮ ಸಂಘದವರು ಬ್ಲೋವರ್ ಎಷ್ಟು ಗಂಟೆ ಓಡಿತು ಎಂಬ ಲಾಗ್ ಪುಸ್ತಕ, ಕೆಸರನ್ನು ಯಾವಾಗ ಹೊರತೆಗೆದರು ಎಂಬ ಲೆಕ್ಕ ತೋರಿಸಲಿ.

ನೊರೆ ಯಾಕೆ ಬರುತ್ತದೆ?

ಸೋಪು ಮತ್ತು ಡಿಟರ್ಜೆಂಟಿನಿಂದ. ನೀರು ಎತ್ತರದಿಂದ ಬಿದ್ದು ಗಾಳಿ ಕಲಸಿಕೊಳ್ಳುವ ಕಡೆ, ಉದಾಹರಣೆಗೆ ಕೋಡಿಯ ಕೆಳಗೆ, ಬುರುಗು ಏಳುತ್ತದೆ. ತಳದಲ್ಲಿ ತಿಂಗಳುಗಟ್ಟಲೆ ಕೂತ ಕೆಸರನ್ನು ಮೊದಲ ಮಳೆ ಕೆದಕಿದಾಗ ಇನ್ನೂ ಹೆಚ್ಚು. ನೀರು ಚಿಮುಕಿಸಿ ನೊರೆ ಕೂರಿಸುವುದು ಕಣ್ಣೊರೆಸುವ ಕೆಲಸ.

ಪೀಣ್ಯದ ಕಾರ್ಖಾನೆಗಳೇ ಮುಖ್ಯ ಕಾರಣ ಅಲ್ಲವೇ?

ಪ್ರಮಾಣದಲ್ಲಿ ಮನೆಗಳ ಕೊಳಚೆಯೇ ಹೆಚ್ಚು. ವಿಷದ ವಿಚಾರಕ್ಕೆ ಬಂದರೆ ಕಾರ್ಖಾನೆಗಳ ಪಾಲು ದೊಡ್ಡದು. ಲೋಹಕ್ಕೆ ಲೇಪ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಕ್ರೋಮಿಯಂ, ನಿಕಲ್, ಸತು ಬರುತ್ತವೆ. ಕ್ರೋಮಿಯಂನ ಹೆಚ್ಚು ವಿಷದ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂಗೆ ಇರುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ ಮಾತ್ರ. ಕೊಳಚೆ ಘಟಕದ ಬ್ಯಾಕ್ಟೀರಿಯಾ ಲೋಹವನ್ನು ತಿನ್ನಲಾರವು. ಅದು ಒಂದೋ ಕೆಸರಿನಲ್ಲಿ ಕೂರುತ್ತದೆ, ಇಲ್ಲವೇ ನೀರಿನ ಜೊತೆ ಹೊಲಕ್ಕೆ ಹೋಗುತ್ತದೆ. ಸಣ್ಣ ಘಟಕಗಳು ತಮ್ಮ ತ್ಯಾಜ್ಯವನ್ನು ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಟ್ಯಾಂಕರ್‌ನಲ್ಲಿ ಕಳಿಸಬೇಕು. ಸಾಗಣೆಯ ಖರ್ಚು ಉಳಿಸಿದವರ ಟ್ಯಾಂಕರ್ ರಾತ್ರಿ ಕಾಲುವೆ ಪಕ್ಕ ನಿಲ್ಲುತ್ತದೆ. ಗಾಡಿ ನಂಬರ್, ಹೊತ್ತು, ಸಾಧ್ಯವಾದರೆ ವಿಡಿಯೊ ಸಿಕ್ಕರೆ ಪೊಲೀಸರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಟ್ಟಿಗೆ ಕೊಡಿ. ಒಬ್ಬರೇ ಅಡ್ಡ ನಿಲ್ಲಲು ಹೋಗಬೇಡಿ.

ನೀರಿನ ಮಾದರಿಯನ್ನು ನಾವೇ ಪರೀಕ್ಷೆ ಮಾಡಿಸಬಹುದೇ?

ಮಾಡಿಸಬಹುದು. ಮಾನ್ಯತೆ ಇರುವ ಪ್ರಯೋಗಾಲಯವನ್ನೇ ಆರಿಸಿ, ಬಾಟಲಿ ಅವರಿಂದಲೇ ಪಡೆಯಿರಿ. ಹಗ್ಗಕ್ಕೆ ಕಟ್ಟಿದ ಬಕೆಟ್‌ನಲ್ಲಿ ಹರಿವಿನ ನಡುವಿನಿಂದ ತೆಗೆಯಿರಿ, ಅಂಚಿನ ನಿಂತ ನೀರು ಬೇಡ. ಬಿಒಡಿ (ನೀರಿನ ಕೊಳೆ ಕರಗಿಸಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕದ ಅಳತೆ, ಹೆಚ್ಚಿದ್ದಷ್ಟೂ ಕೊಳೆ ಹೆಚ್ಚು) ಪರೀಕ್ಷೆಯ ಬಾಟಲಿಯಲ್ಲಿ ಗಾಳಿಯ ಗುಳ್ಳೆ ಉಳಿಯಬಾರದು, ಮಲದ ಬ್ಯಾಕ್ಟೀರಿಯಾ ಅಳೆಯುವ ಕೋಲಿಫಾರ್ಮ್ ಬಾಟಲಿಯಲ್ಲಿ ಸ್ವಲ್ಪ ಖಾಲಿ ಜಾಗ ಬಿಡಬೇಕು. ಲೋಹದ ಪರೀಕ್ಷೆಗೆ ಆಮ್ಲ ಹಾಕಿದ ಬೇರೆಯೇ ಬಾಟಲಿ. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಿ. ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಇಟ್ಟ ಮಾದರಿಯ ಫಲಿತಾಂಶ ಯಾವುದಕ್ಕೂ ಬಾರದು.

ಆದರೆ ಮೊಕದ್ದಮೆಗೆ ಈ ವರದಿ ಸಾಲದು. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಘಟಕದವರಿಗೆ ನೋಟಿಸ್ ಕೊಟ್ಟು, ಅವರೆದುರೇ ಮಾದರಿಯನ್ನು ಎರಡು ಭಾಗ ಮಾಡಿ ಸೀಲ್ ಹಾಕಬೇಕು. ಈ ಕ್ರಮ ತಪ್ಪಿದರೆ ಪ್ರಕರಣ ಬೀಳುತ್ತದೆ. ನಿಮ್ಮ ವರದಿಯ ಕೆಲಸ ಅಧಿಕಾರಿಯನ್ನು ಸರಿಯಾದ ಹೊತ್ತಿಗೆ ಸರಿಯಾದ ಜಾಗಕ್ಕೆ ಕರೆತರುವುದು. ಬರದಿದ್ದರೆ 49ನೇ ಕಲಂ ಇದೆ: 60 ದಿನದ ನೋಟಿಸ್ ಕೊಟ್ಟು ಯಾವ ನಾಗರಿಕನಾದರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು.

ಹಸಿರು ನ್ಯಾಯಮಂಡಳಿಗೆ ಹೋದರೆ ಕೆಲಸ ಆಗುತ್ತದೆಯೇ?

ಒತ್ತಡವಂತೂ ಆಗುತ್ತದೆ. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ಪ್ರಕರಣದಲ್ಲಿ ನ್ಯಾಯಮಂಡಳಿಯ ಆದೇಶಗಳಿಂದಲೇ ಹೂಳೆತ್ತುವ ಕೆಲಸ, ಘಟಕಗಳ ನಿರ್ಮಾಣ ವೇಗ ಪಡೆದದ್ದು. ದಕ್ಷಿಣ ಪೀಠ ಚೆನ್ನೈನಲ್ಲಿದೆ, ಅರ್ಜಿ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು, ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಕಾರಣ ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು. ಹಾಗೆಂದು ಕೋರ್ಟೇ ಎಲ್ಲ ಅಲ್ಲ. ದೊಡ್ಡ, ಮಧ್ಯಮ, ಸಣ್ಣ ಕಾಲುವೆಗಳಿಗೆ ಕ್ರಮವಾಗಿ 50, 35, 25 ಮೀಟರ್ ಬಫರ್ (ಕಟ್ಟಡ ಕಟ್ಟಬಾರದ ಅಂಚು) ಎಂದು ನ್ಯಾಯಮಂಡಳಿ 2016ರಲ್ಲಿ ಹೇಳಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು.

ಎಂಜೈಮ್ ದ್ರಾವಣ, ತೇಲುವ ತೋಟಗಳಿಂದ ಪ್ರಯೋಜನವಿದೆಯೇ?

ನಿಂತ ಸಣ್ಣ ಕೆರೆಗೆ ಒಂದಿಷ್ಟು. ಹರಿಯುವ ಕಾಲುವೆಗೆ ಇಲ್ಲ, ಬೆಳಿಗ್ಗೆ ಸುರಿದದ್ದು ಸಂಜೆಗೆ ಬಿಡದಿ ದಾರಿ ಹಿಡಿದಿರುತ್ತದೆ. ಕಸ ತಡೆಯುವ ಬಲೆ ಒಳ್ಳೆಯದು, ದಿನವೂ ಖಾಲಿ ಮಾಡುವವರಿದ್ದರೆ.

ಬೈರಮಂಗಲದ ರೈತರು ಏನೆನ್ನುತ್ತಾರೆ?

ಅವರದು ಎರಡಲಗಿನ ಕಷ್ಟ. ವರ್ಷಪೂರ್ತಿ ನೀರು ಸಿಗುವುದರಿಂದ ಮೇವಿನ ಹುಲ್ಲು, ಬೇಬಿಕಾರ್ನ್, ತೆಂಗು ಬೆಳೆಯುತ್ತಾರೆ. ಅದೇ ನೀರಿನಿಂದ ಕೈಕಾಲು ತುರಿಕೆ, ಕೊಳವೆಬಾವಿಯಲ್ಲಿ ವಾಸನೆ, ಮಾರುಕಟ್ಟೆಯಲ್ಲಿ ಬೆಲೆ ಕಡಿತ. ಜಲಾಶಯವನ್ನು ಬಿಟ್ಟು ಕೊಳಚೆಯನ್ನು ಬೇರೆ ಕಾಲುವೆಯಲ್ಲಿ ಮುಂದೆ ಸಾಗಿಸುವ ಯೋಜನೆಗೆ ಅಲ್ಲಿಯವರು ವಿರೋಧಿಸಿದ್ದು ಸಹಜವೇ. ಕೊಳೆ ಮುಂದಿನ ಊರಿಗೆ ಹೋಗುತ್ತದೆ ಅಷ್ಟೇ, ಇವರ ನೀರೂ ಹೋಗುತ್ತದೆ.

ಕೋಲಾರಕ್ಕೆ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯ 440 ಎಂಎಲ್‌ಡಿ, ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರದ 210 ಎಂಎಲ್‌ಡಿ ಸಂಸ್ಕರಿಸಿದ ನೀರಿನ ಯೋಜನೆಗಳಾದ ಮೇಲೆ ವೃಷಭಾವತಿ ಕಣಿವೆಯಿಂದ 243 ಎಂಎಲ್‌ಡಿ ನೀರನ್ನು ಕೆರೆಗಳಿಗೆ ತುಂಬಿಸುವ ಯೋಜನೆಯೂ ಬಂದಿದೆ. ಕೆರೆಗೆ ಹೋದ ನೀರು ಅಂತರ್ಜಲಕ್ಕೆ ಇಳಿಯುತ್ತದೆ. ಆದ್ದರಿಂದ ಘಟಕದಿಂದ ಬಂದ ನೀರನ್ನು ಇನ್ನೊಮ್ಮೆ ಶುದ್ಧ ಮಾಡುವ ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಆ ಭಾಗದವರ ಬೇಡಿಕೆ ನ್ಯಾಯವಾದದ್ದು. ಬೆಂಗಳೂರಿನವರೂ ಅದಕ್ಕೆ ದನಿಗೂಡಿಸಬೇಕು.

ನದಿ ಸುಧಾರಿಸಿದೆ ಎಂದು ಯಾವಾಗ ಹೇಳಬಹುದು?

ಬಿಒಡಿ ನೋಡಿ. ಹಸಿ ಕೊಳಚೆಯಲ್ಲಿ ಅದು ಲೀಟರಿಗೆ 200ರಿಂದ 300 ಮಿಲಿಗ್ರಾಂ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯಲ್ಲಿ 30 ದಾಟಿದ ನದಿ ಮೊದಲ ಆದ್ಯತೆಯದು, ಅಂದರೆ ಅತಿ ಕೆಟ್ಟದ್ದು. 3ಕ್ಕಿಂತ ಕಡಿಮೆಯಾದರೆ ಪಟ್ಟಿಯಿಂದ ಹೊರಗೆ, ಬಿಒಡಿಯ ಮಟ್ಟಿಗೆ ಸ್ನಾನಕ್ಕೆ ಯೋಗ್ಯ. ನಾಯಂಡಹಳ್ಳಿ, ಕೆಂಗೇರಿ, ಬೈರಮಂಗಲ ಈ ಮೂರು ಕಡೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಅಳೆದು ಪ್ರಕಟಿಸಲಿ. ಮಳೆಗಾಲದ ಅಂಕಿ ತೋರಿಸಿ ಸುಧಾರಣೆ ಎಂದರೆ ಒಪ್ಪಬೇಡಿ, ಅದು ಮಳೆ ನೀರು ಬೆರೆತು ತೆಳುವಾದದ್ದು.

ಕಟ್ಟಿಕೊಂಡ ಮ್ಯಾನ್‌ಹೋಲ್‌ಗೆ ತುರ್ತಾಗಿ ಆಳು ಇಳಿಸಬಹುದೇ?

ಕೂಡದು. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಇದನ್ನು ನಿಷೇಧಿಸಿದೆ. ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜೋರಾಗಿ ನೀರು ಚಿಮ್ಮಿಸಿ ಪೈಪು ಬಿಡಿಸುವ ಜೆಟ್ಟಿಂಗ್ ಯಂತ್ರ ಬೇಕೆಂದು 1916ಕ್ಕೆ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ, ಯಂತ್ರ ಬರುವವರೆಗೆ ಆ ಸಾಲಿನ ಮನೆಗಳವರು ಬಟ್ಟೆ ಒಗೆಯುವುದನ್ನು ನಿಲ್ಲಿಸಿ. ಹೊರಗಿನಿಂದ ಯಾರನ್ನೋ ಕರೆತಂದು ಇಳಿಸುವುದನ್ನು ಕಂಡರೆ ತಡೆದು ನಿಲ್ಲಿಸಿ, 112ಕ್ಕೆ ಕರೆ ಮಾಡಿ.